ನಿಮಗಿದು ಗೊತ್ತೇ? ಹಳೆ ಗೇಮು ಓಡಬೇಕಾದರೆ ಹಳೆ ನಿಧಾನವೂ ಬೇಕು!

ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ‘ಡೇವ್’ ಆಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಟ್ರೋಫಿ ಎತ್ತಿಕೊಂಡು ಬಾಗಿಲಿಗೆ ಓಡುವ ಆ ಕೆಂಪು ಟೋಪಿಯವನನ್ನು ಹುಟ್ಟಿಸಿದವರು ಅಮೆರಿಕದ ಜಾನ್ ರೊಮೆರೊ. 1988ರಲ್ಲಿ ಅದು ಬಂದದ್ದು ಆಪಲ್ 2 ಕಂಪ್ಯೂಟರಿಗೆ. ನಾವು ಆಡಿದ್ದು ಆಮೇಲಿನ ಡಾಸ್ ಆವೃತ್ತಿ. 1993ರಲ್ಲಿ ‘ಡೂಮ್’ ಮಾಡಿದ ತಂಡದಲ್ಲೂ ಇದೇ ರೊಮೆರೊ ಇದ್ದರು.

ಡೇವ್‌ನ ಫೈಲ್ ಇವತ್ತಿಗೂ ನಿಮ್ಮ ಬಳಿ ಇರಬಹುದು. ಆದರೆ 64 ಬಿಟ್ ವಿಂಡೋಸ್ ಅದನ್ನು ಓಡಿಸುವುದಿಲ್ಲ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಮುಗಳನ್ನು ನಡೆಸುವ ಏರ್ಪಾಡೇ ಅದರಲ್ಲಿಲ್ಲ. ಅದಕ್ಕೇ ಡಾಸ್‌ಬಾಕ್ಸ್. 2002ರಲ್ಲಿ ಹೊರಬಂದ ಈ ಉಚಿತ ತಂತ್ರಾಂಶ ಹಳೆ ಪಿಸಿಯ ಪ್ರೊಸೆಸರ್, ಸೌಂಡ್ ಕಾರ್ಡ್ ಎಲ್ಲದರ ಪಾತ್ರವನ್ನೂ ತಾನೇ ವಹಿಸುತ್ತದೆ. ಇಂಥವಕ್ಕೆ ಎಮ್ಯುಲೇಟರ್ ಎನ್ನುತ್ತಾರೆ.

ಹಳೆ ಪಿಸಿಯ ಡಬ್ಬದ ಮೇಲಿದ್ದ ‘ಟರ್ಬೊ’ ಬಟನ್ ವೇಗ ಹೆಚ್ಚಿಸಲು ಎಂದುಕೊಂಡಿದ್ದಿರಾ? ಅದರ ನಿಜವಾದ ಉಪಯೋಗ ವೇಗ ತಗ್ಗಿಸುವುದರಲ್ಲಿತ್ತು. ಮೊದಲ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಎಷ್ಟೋ ಗೇಮುಗಳನ್ನು ಬರೆದವರು ಗಡಿಯಾರ ನೋಡದೆ ಪ್ರೊಸೆಸರಿನ ವೇಗವನ್ನೇ ನಂಬಿದ್ದರು. ಅಂಥವನ್ನು ಚುರುಕಾದ ಯಂತ್ರಕ್ಕೆ ಹಾಕಿದರೆ ನಾಯಕ ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತಿರುತ್ತಿದ್ದ. ಡಾಸ್‌ಬಾಕ್ಸ್‌ನಲ್ಲಿ ಈ ಬಟನ್ನಿನ ಕೆಲಸ ಕೀಲಿಮಣೆಯದು: ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು.

ನಿಧಾನವೇ ಆಟವಾದದ್ದೂ ಉಂಟು. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಹೆಚ್ಚುತ್ತದಲ್ಲ, ಅದು ಮೊದಲೇ ಯೋಚಿಸಿ ಮಾಡಿದ್ದಲ್ಲ. ಪರದೆ ತುಂಬ ಶತ್ರುಗಳಿದ್ದಾಗ ಬಡಪಾಯಿ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಒಬ್ಬೊಬ್ಬ ಸತ್ತಂತೆ ಅದರ ಹೊರೆ ಇಳಿಯುತ್ತಿತ್ತು. ಗೇಮು ರಚಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ಹಾಗೆಯೇ ಬಿಟ್ಟರು. ಎಮ್ಯುಲೇಟರ್ ಬರೆಯುವವರು ಆ ಏದುಸಿರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಳೆ ಯಂತ್ರದ ಪಾತ್ರ ವಹಿಸುವ ಈ ನಟನೆಯ ಖರ್ಚು ಕಮ್ಮಿಯಲ್ಲ. ಸೂಪರ್ ನಿಂಟೆಂಡೊ ಗೇಮ್ ಯಂತ್ರದ ಪ್ರೊಸೆಸರಿನ ಗರಿಷ್ಠ ವೇಗ 3.58 ಮೆಗಾಹರ್ಟ್ಸ್. ಅದನ್ನು ಕೂದಲೆಳೆಯೂ ತಪ್ಪದಂತೆ ಅನುಕರಿಸಲು ಸುಮಾರು 3 ಗಿಗಾಹರ್ಟ್ಸ್‌ನ ಪಿಸಿ ಬೇಕೆಂದು 2011ರಲ್ಲಿ ಬಿಎಸ್‌ನೆಸ್ ಎಮ್ಯುಲೇಟರ್ ಬರೆದವರೇ ವಿವರಿಸಿದ್ದರು.

ಹಳೆ ಗೇಮು ಓಡಲು ಎಮ್ಯುಲೇಟರೊಂದೇ ದಾರಿಯಲ್ಲ. ‘ಸಿಮ್‌ಸಿಟಿ’ ಗೇಮಿನಲ್ಲೊಂದು ದೋಷವಿತ್ತು: ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುತ್ತಿತ್ತು. ಮೊದಮೊದಲು ಹೇಗೋ ನಡೆಯಿತು. ವಿಂಡೋಸ್ 95ರಲ್ಲಿ ಕುಸಿಯತೊಡಗಿದಾಗ ಮೈಕ್ರೋಸಾಫ್ಟ್ ಎಂಜಿನಿಯರುಗಳು ಗೇಮನ್ನು ಮುಟ್ಟಲಿಲ್ಲ. ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಗೊತ್ತಾದರೆ ಮೆಮೊರಿಯನ್ನು ತಕ್ಷಣ ಕಿತ್ತುಕೊಳ್ಳಬಾರದೆಂದು ವಿಂಡೋಸ್‌ಗೇ ಕಲಿಸಿದರು. ಇಷ್ಟು ಸೌಜನ್ಯ ಈಗ ಯಾರಿಗಿದೆ!

ಇನ್ನು ಗೇಮಿನ ಮೂಲ ಕೋಡ್ ಉಳಿಸುವ ಕಷ್ಟಕ್ಕೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಸಾಕ್ಷಿ. ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಅದನ್ನೇ ಚೌಕಟ್ಟು ಚೌಕಟ್ಟಾಗಿ ತಿದ್ದಿ ರಾಜಕುಮಾರನನ್ನು ಮಾಡಿದ್ದು. ಸಂಗೀತ ಅವರ ತಂದೆಯದು. ಆಪಲ್ 2ರಲ್ಲಿ 1989ರಲ್ಲಿ ಬಂದ ಆ ಗೇಮಿನ ಮೂಲ ಕೋಡ್ ಕಳೆದೇಹೋಯಿತೆಂದು ಜೋರ್ಡನ್ ಕೈಚೆಲ್ಲಿದ್ದರು. 2012ರಲ್ಲಿ ತಂದೆಗೆ ಹಳೆ ಪೆಟ್ಟಿಗೆಯೊಂದರಲ್ಲಿ ಮೂರೂವರೆ ಇಂಚಿನ ಫ್ಲಾಪಿಗಳು ಸಿಕ್ಕವು. ಇಪ್ಪತ್ತು ವರ್ಷ ದಾಟಿದ ಫ್ಲಾಪಿಯ ಕಾಂತೀಯ ಗುರುತುಗಳು ಅಳಿಸಿಹೋಗಿರಲೂಬಹುದು. ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಮತ್ತು ಹಳೆ ಆಪಲ್ ಯಂತ್ರಗಳ ಪರಿಣತ ಟೋನಿ ಡಯಾಜ್ ಕುಳಿತು ಓದಿದರು; ಕೋಡ್ ಉಳಿದಿತ್ತು. ಈಗ ಅದು ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ನೋಡುವಂತಿದೆ. ಆದರೆ ಅದು ಆಪಲ್ ಆವೃತ್ತಿಯ ಕೋಡ್. ಡಾಸ್ ಆವೃತ್ತಿಯನ್ನು ಅಭಿಮಾನಿಗಳು ಬಿಚ್ಚಿ ಓದಿ, ಇಂದಿನ ಯಂತ್ರಗಳಿಗೆ ‘ಎಸ್‌ಡಿಎಲ್‌ಪಾಪ್’ ಎಂದು ಮತ್ತೆ ಕಟ್ಟಿದ್ದಾರೆ.

ಅದೇ ಗೇಮಿನ ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಕೂಡಲೇ ಅಕ್ಷರಗಳಿರುವ ಸೀಸೆಗಳು ಎದುರಾಗುತ್ತವೆ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲಕ್ಷರ ಯಾವುದೋ ಆ ಸೀಸೆ ಕುಡಿದರಷ್ಟೇ ಮುಂದಿನ ದಾರಿ. ಕಳ್ಳಪ್ರತಿ ತಡೆಯಲು ಹೂಡಿದ ಉಪಾಯ. ಫಲವೆಂದರೆ, ಗೇಮ್ ಉಳಿಸುವವರು ಕಾಗದದ ಕೈಪಿಡಿಯನ್ನೂ ಸ್ಕ್ಯಾನ್ ಮಾಡಿಡಬೇಕು. ಬೀಗ ಒಡೆದು ಹಂಚಿದ ಕಳ್ಳರಿಂದಲೇ ಎಷ್ಟೋ ಗೇಮುಗಳು ಉಳಿದವು ಎನ್ನಲು ನನಗಂತೂ ಸಂಕೋಚವಿಲ್ಲ.

ಬ್ಯಾಟರಿ ಮುಗಿದರೆ ಸಾಯುವ ಗೇಮುಗಳೂ ಇವೆ. ಕ್ಯಾಪ್‌ಕಾಮ್ ಕಂಪನಿಯ ಸಿಪಿಎಸ್-2 ಎಂಬ ಆರ್ಕೇಡ್ ಗೇಮ್ ಬೋರ್ಡಿನಲ್ಲಿ ಗೇಮಿನ ಗೂಢಲಿಪಿ ಬಿಡಿಸುವ ಕೀಲಿ ಇದ್ದದ್ದು ಬ್ಯಾಟರಿ ಬಲದ ಮೆಮೊರಿಯಲ್ಲಿ. ಬ್ಯಾಟರಿ ಖಾಲಿ, ಕೀಲಿ ಮಾಯ, ಬೋರ್ಡು ಕಸ. ಹವ್ಯಾಸಿಗಳು ಅದಕ್ಕೆ ‘ಆತ್ಮಹತ್ಯೆ ಬ್ಯಾಟರಿ’ ಎಂದೇ ಹೆಸರಿಟ್ಟರು. ಆ ಗೂಢಲಿಪಿಯನ್ನು ಪೂರ್ತಿ ಭೇದಿಸಲು 2007 ಬರಬೇಕಾಯಿತು.

ಹಳೆ ಟಿವಿಯನ್ನೇ ನಂಬಿದ ಗೇಮೂ ಉಂಟು: ‘ಡಕ್ ಹಂಟ್’ ಗೇಮಿನ ಬಂದೂಕು ಇಂದಿನ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಹೊಳೆಯುತ್ತದೆ. ಬಂದೂಕಿನ ಮೂತಿಯಲ್ಲಿರುವ ಕಣ್ಣು ನೋಡುವುದು ಅದನ್ನೇ. ಆ ಕಣ್ಣಿಗೆ ಗೊತ್ತಿರುವುದು ಪಿಕ್ಚರ್ ಟ್ಯೂಬಿನ ಮಿನುಗು ಮಾತ್ರ.

ಎಮ್ಯುಲೇಟರ್ ಮಾಡುವುದು ಅಪರಾಧವೇ? ಪ್ಲೇಸ್ಟೇಶನ್ ಗೇಮುಗಳನ್ನು ಮ್ಯಾಕ್‌ನಲ್ಲಿ ಓಡಿಸುವ ತಂತ್ರಾಂಶ ಮಾರಿದ ಕನೆಕ್ಟಿಕ್ಸ್ ಮೇಲೆ ಸೋನಿ ದಾವೆ ಹೂಡಿತ್ತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ನಿಂತಿತು. ಮರುವರ್ಷ ಸೋನಿಯೇ ಆ ತಂತ್ರಾಂಶವನ್ನು ಕೊಂಡು ಮುಚ್ಚಿಹಾಕಿತು.

ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮುಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ ಎನ್ನುತ್ತದೆ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್‌ನ 2023ರ ಅಧ್ಯಯನ. ಅಂಗಡಿಯಲ್ಲಿ ಸಿಗದ ಇಂಥ ಗೇಮುಗಳನ್ನು ಸಂಶೋಧಕರು ಮನೆಯಿಂದಲೇ ಆಡಿ ನೋಡುವಂತೆ ಗ್ರಂಥಾಲಯಗಳಿಗೆ ಅನುಮತಿ ಕೊಡಿ ಎಂಬ ಕೋರಿಕೆಯನ್ನು ಅಲ್ಲಿನ ಕಾಪಿರೈಟ್ ಕಚೇರಿ 2024ರಲ್ಲಿ ತಳ್ಳಿಹಾಕಿತು. ಮೂವತ್ತು ವರ್ಷ ಹಳೆಯ ಗೇಮು ನೋಡಬೇಕೆಂದರೂ ಸಂಶೋಧಕರು ಗ್ರಂಥಾಲಯದ ಕಟ್ಟಡಕ್ಕೇ ಹೋಗಬೇಕು.