ಕಮಿಷನ್ ವಿನ್ಯಾಸಕರು: ಕರಾರು ಮೊದಲು, ಅಳತೆ ಆಮೇಲೆ
ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ವಾರ್ಡ್‌ರೋಬ್, ಮಾಡ್ಯುಲರ್ ಅಡುಗೆಮನೆಗಳಿಗೆ ಅಳತೆ ತೆಗೆದು, ವಿನ್ಯಾಸ ರೂಪಿಸಿ, ಆರ್ಡರ್ ತರುವವರು ಅನೇಕ ವೇಳೆ ಒಬ್ಬರೇ. ಸಂಬಳವಿಲ್ಲದೆ ಕೇವಲ ಕಮಿಷನ್ನಿಗೆ ದುಡಿಯುವವರಾದರೆ, ಗ್ರಾಹಕರು ಒಪ್ಪದಿದ್ದಲ್ಲಿ ಓಡಾಟವೂ ನಕಾಶೆಯೂ ವ್ಯರ್ಥ.

ತಕರಾರು ಹುಟ್ಟುವುದು ಎರಡು ಕಡೆ. ಅಳತೆ ಅರ್ಧ ಅಂಗುಲ ತಪ್ಪಿದರೆ ಕತ್ತರಿಸಿದ ಪ್ಲೈವುಡ್ಡಿನ ನಷ್ಟ ಯಾರದು? ಕಮಿಷನ್ ಸಲ್ಲಬೇಕಾದುದು ಮುಂಗಡ ಬಂದಾಗಲೋ, ಜೋಡಣೆ ಮುಗಿದಾಗಲೋ? ವಿಶೇಷ ಕರಾರಿಲ್ಲದಿದ್ದರೆ, 1872ರ ಭಾರತೀಯ ಕರಾರು ಕಾಯಿದೆಯ 219ನೇ ಕಲಮಿನಂತೆ, ವಹಿಸಿದ ಕಾರ್ಯ ಪೂರ್ಣಗೊಳ್ಳುವವರೆಗೆ ಏಜೆಂಟರಿಗೆ ಪ್ರತಿಫಲ ಸಲ್ಲದು. ಆ ‘ಕಾರ್ಯ’ ಯಾವುದೆಂಬುದನ್ನು ಬರೆದಿಡುವುದು ಉಭಯರಿಗೂ ಕ್ಷೇಮ.

ತೆರಿಗೆಯಲ್ಲಿಯೂ ಭೇದವಿದೆ. ಏಜೆಂಟರ ಕಮಿಷನ್ನಿನ ಮೂಲ ತೆರಿಗೆ ಕಡಿತದ ದರ 2024ರ ಅಕ್ಟೋಬರ್ 1ರಂದು ಶೇ. 5ರಿಂದ ಶೇ. 2ಕ್ಕೆ ಇಳಿಯಿತು. ನೌಕರರಿಗೆ ಸಂದ ಕಮಿಷನ್ನಾದರೋ ಸಂಬಳದ ಭಾಗವೇ. ಆದುದರಿಂದ ಟೇಪು ಬಿಚ್ಚುವ ಮೊದಲೇ ಕರಾರುಪತ್ರ ಸಿದ್ಧವಿರಲಿ.