ಫೋನ್‌ನಲ್ಲಿ ಅಳಿಸಿದ ಮೇಲ್ ಅಂಗಡಿಯಲ್ಲೂ ಏಕೆ ಹೋಯಿತು?

ಬೆಂಗಳೂರಿನ ಕುರುಬರಹಳ್ಳಿ ಸರ್ಕಲ್‌ನಿಂದ ಅತ್ತ ಕಮಲಾನಗರಕ್ಕೆ ಹೋಗಿ, ಇತ್ತ ಮಹಾಲಕ್ಷ್ಮಿ ಬಡಾವಣೆಗೆ ಹೋಗಿ, ದಾರಿಯುದ್ದಕ್ಕೂ ಸಣ್ಣ ವ್ಯವಹಾರಗಳದ್ದೇ ಸಾಲು. ಇವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಒಂದೇ ಇಮೇಲ್ ವಿಳಾಸ. ಜಿಎಸ್‌ಟಿ ನೋಂದಣಿಯ ಹೊತ್ತಿಗೆ ಯಾರೋ ಅವಸರದಲ್ಲಿ ಮಾಡಿಕೊಟ್ಟದ್ದು. ಅದು ಮಾಲೀಕರ ಫೋನ್‌ನಲ್ಲಿರುತ್ತದೆ, ಮಗಳ ಲ್ಯಾಪ್‌ಟಾಪ್‌ನಲ್ಲಿರುತ್ತದೆ, ಅಂಗಡಿಯ ಹಳೇ ಕಂಪ್ಯೂಟರಿನಲ್ಲಿರುತ್ತದೆ, ಆಡಿಟರ್ ಕಚೇರಿಯಲ್ಲೂ ಇರುತ್ತದೆ. ಈ ನಾಲ್ಕು ಯಂತ್ರಗಳ ನಡುವೆ ಒಂದು ಮೇಲ್ ಕಾಣದೆ ಹೋದರೆ ಮೊದಲು ಬರುವ ಮಾತು, ‘ಹ್ಯಾಕ್ ಆಗಿದೆ’. ನಿಜಕ್ಕೂ ಹ್ಯಾಕ್ ಆದ ಪ್ರಕರಣಗಳು ಇಲ್ಲವೆಂದಲ್ಲ. ಆದರೆ ಬಹುಪಾಲು ಸಲ ಆ ಮೇಲ್ ಅಳಿಸಿದವರು ಮನೆಯವರೇ ಆಗಿರುತ್ತಾರೆ, ಅಳಿಸಿದ್ದೇನೆಂಬ ಅರಿವು ಅವರಿಗೆ ಇರುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 169ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿ ಕೊಟ್ಟ ಇಮೇಲ್ ವಿಳಾಸಕ್ಕೆ ಕಳಿಸಿದ ನೋಟಿಸ್ ಕೂಡ ತಲುಪಿಸಿದ ನೋಟಿಸೇ. ಆದಾಯ ತೆರಿಗೆ ಇಲಾಖೆ ರಿಟರ್ನ್ ಪರಿಶೀಲಿಸಿ ಕಳಿಸುವ ಪತ್ರ ಬರುವುದೂ ಮೇಲ್‌ನಲ್ಲೇ. ಅಂಗಡಿಯ ಬಾಗಿಲಿಗೆ ಅಂಟಿಸಿದ ಕಾಗದಕ್ಕೆ ಕೊಡುವಷ್ಟೇ ಗಮನವನ್ನು ಈ ಪೆಟ್ಟಿಗೆಗೂ ಕೊಡಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

‘ನನ್ನ ಫೋನ್‌ನಲ್ಲಿ ತಾನೇ ಅಳಿಸಿದ್ದು?’

ಎಲ್ಲ ತಪ್ಪು ಕಲ್ಪನೆಗಳ ಬೇರು ಇಲ್ಲಿದೆ. ಫೋನ್‌ನಲ್ಲಿ ಕಾಣುವ ಮೇಲ್ ಫೋನ್‌ನದ್ದು, ಕಂಪ್ಯೂಟರಿನಲ್ಲಿ ಕಾಣುವುದು ಕಂಪ್ಯೂಟರಿನದ್ದು, ಎರಡೂ ಬೇರೆ ಬೇರೆ ಎಂಬ ನಂಬಿಕೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋವನ್ನು ನಾವು ಅಳಿಸಿದರೆ ಕಳಿಸಿದವರ ಫೋನ್‌ನಲ್ಲಿ ಅದು ಉಳಿದಿರುತ್ತದಲ್ಲ, ಆ ರೂಢಿಯೇ ಇಲ್ಲೂ ಇದೆ ಎಂದುಕೊಳ್ಳುತ್ತೇವೆ.

ಮೇಲ್‌ನ ಅಸಲು ಪ್ರತಿ ಇರುವುದು ಸರ್ವರ್‌ನಲ್ಲಿ. ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಎಲ್ಲವೂ ತೋರಿಸುವುದು ಅದರ ನಕಲನ್ನು ಮಾತ್ರ. ಬ್ಯಾಂಕ್ ಖಾತೆಯ ಹಾಗೆ: ಪಾಸ್‌ಬುಕ್ ಕಳೆದರೆ ಹಣ ಹೋಗುವುದಿಲ್ಲ, ಆದರೆ ಯಾವ ಎಟಿಎಂನಲ್ಲಿ ತೆಗೆದರೂ ಹಣ ಹೋಗುವುದು ಅದೇ ಖಾತೆಯಿಂದ. ಹಾಗೆಯೇ ಫೋನ್‌ನಲ್ಲಿ ‘ಡಿಲೀಟ್’ ಒತ್ತಿದಾಗ ಆ ಆಜ್ಞೆ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಮಿಕ್ಕ ಯಂತ್ರಗಳಿಗೆಲ್ಲ ‘ಇದು ಇನ್ನು ಇಲ್ಲ’ ಎಂದು ತಿಳಿಸುತ್ತದೆ. ಜಿಮೇಲ್ ಆದರೆ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಮರಳಿ ತೆಗೆದುಕೊಳ್ಳಬಹುದು. ಆಮೇಲೆ ಇಲ್ಲ.

ಫೋನ್‌ನಲ್ಲಿ ಜಾಗ ಸಾಲುತ್ತಿಲ್ಲ ಎಂದು ಮೇಲ್ ಅಳಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಫೋನ್ ಉಳಿಸಿಕೊಳ್ಳುವುದು ಇತ್ತೀಚಿನ ಮೇಲ್‌ಗಳ ಸಣ್ಣ ನಕಲನ್ನಷ್ಟೆ. ಅದನ್ನು ಅಳಿಸಿ ಗಳಿಸುವ ಜಾಗ ಅತ್ಯಲ್ಪ, ಕಳೆದುಕೊಳ್ಳುವುದು ಅಸಲನ್ನು. ಜಾಗ ಬೇಕಿದ್ದರೆ ಆ್ಯಪ್‌ನ ಸೆಟ್ಟಿಂಗ್‌ಗೆ ಹೋಗಿ ಸಿಂಕ್ ಮಾಡುವ, ಅಂದರೆ ಫೋನ್‌ಗೆ ನಕಲು ತಂದಿಟ್ಟುಕೊಳ್ಳುವ, ದಿನಗಳನ್ನು ಕಡಿಮೆ ಮಾಡಿದರೆ ಸಾಕು. ಆ್ಯಪ್‌ನ ಕ್ಯಾಶ್ ಅಳಿಸಿದರೂ ಸರ್ವರ್‌ನಲ್ಲಿರುವುದಕ್ಕೆ ಏನೂ ಆಗುವುದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಗಾಬರಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಬೆರಳು ಸರಿಸಿದ ತಕ್ಷಣ ಮೇಲ್ ಹಾರಿಹೋಯಿತು ಎನ್ನುತ್ತಾರೆ. ಜಿಮೇಲ್ ಆ್ಯಪ್‌ನಲ್ಲಿ ಹಾಗೆ ಪಕ್ಕಕ್ಕೆ ಸರಿಸಿದರೆ ಸಾಮಾನ್ಯವಾಗಿ ಆಗುವುದು ಅಳಿಸುವಿಕೆ ಅಲ್ಲ, ಆರ್ಕೈವ್. ಮೇಲ್ ಇನ್‌ಬಾಕ್ಸ್‌ನಿಂದ ಮರೆಯಾಗಿ ‘ಎಲ್ಲಾ ಮೇಲ್’ ವಿಭಾಗದಲ್ಲಿ ಸುರಕ್ಷಿತವಾಗಿರುತ್ತದೆ. ಹುಡುಕಿದರೆ ಸಿಗುತ್ತದೆ.

‘ಮೇಲ್ ಬಂದಿತ್ತು, ಅಂಗಡಿ ಕಂಪ್ಯೂಟರ್ ನುಂಗಿಬಿಟ್ಟಿತು’

ವಿಚಿತ್ರವೆಂದರೆ ಇದು ಕೆಲವೊಮ್ಮೆ ಅಕ್ಷರಶಃ ಸತ್ಯ. ಸ್ವಂತ ಡೊಮೇನ್ ಕೊಂಡು ಕಂಪನಿ ಹೆಸರಿನ ಮೇಲ್ ಇಟ್ಟುಕೊಂಡವರಲ್ಲಿ ಇದು ಹೆಚ್ಚು. ಬೆಳಿಗ್ಗೆ ಫೋನ್‌ನಲ್ಲಿ ಕಂಡ ಮೇಲ್, ಅಂಗಡಿ ತೆರೆದು ಕಂಪ್ಯೂಟರ್ ಹಾಕಿದ ಮೇಲೆ ಫೋನ್‌ನಿಂದ ಮಾಯ.

ಕಾರಣ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಮೇಲ್ ಪಡೆಯಲು ಪಾಪ್ ಎಂಬ ನಿಯಮಾವಳಿ 1984ರಲ್ಲಿ ಬಂತು. ಇಂದಿಗೂ ಬಳಕೆಯಲ್ಲಿರುವ ಅದರ ಮೂರನೆಯ ರೂಪ 1988ರದ್ದು. ಸಂಪರ್ಕಿಸು, ಮೇಲ್ ಇಳಿಸಿಕೋ, ಸರ್ವರ್‌ನಿಂದ ಅಳಿಸು, ಸಂಪರ್ಕ ಕಡಿದುಕೋ ಎಂಬುದು ಅದರ ಮೂಲ ಪದ್ಧತಿ. ಅಂದಿಗೆ ಅದು ಸರಿಯಾಗಿಯೇ ಇತ್ತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅದನ್ನು ಮಾರುತ್ತಿದ್ದುದು ಗಂಟೆಗಳ ಲೆಕ್ಕದಲ್ಲಿ. ಟೆಲಿಫೋನ್ ತಂತಿಯ ಮೇಲೆ ಸಂಪರ್ಕ ಪಡೆದು, ಬೇಗ ಇಳಿಸಿಕೊಂಡು, ಬೇಗ ಕಡಿದುಕೊಳ್ಳುವುದೇ ಜಾಣತನವಾಗಿತ್ತು. ಒಬ್ಬರಿಗೆ ಒಂದೇ ಕಂಪ್ಯೂಟರ್, ಅದೂ ಇದ್ದರೆ.

ಮೇಲ್ ಸರ್ವರ್‌ನಲ್ಲೇ ಉಳಿಯಲಿ, ಯಾವ ಯಂತ್ರದಿಂದ ಬಂದರೂ ಅದೇ ಪೆಟ್ಟಿಗೆ ಕಾಣಲಿ ಎಂಬ ಯೋಚನೆ ಹೊಸದೇನಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲೇ ಐಮ್ಯಾಪ್ ರೂಪಿಸಿದರು. ಓದಿದ್ದು, ಉತ್ತರಿಸಿದ್ದು, ಗುರುತು ಹಾಕಿದ್ದು, ಕರಡು, ಅಳಿಸಬೇಕಾದದ್ದು ಎಂಬ ಚೀಟಿಗಳನ್ನು ಮೇಲ್‌ನ ಜೊತೆಗೆ ಸರ್ವರ್‌ನಲ್ಲೇ ಇಡುವ ವ್ಯವಸ್ಥೆ ಅದರಲ್ಲಿದೆ. ಫೋನ್‌ನಲ್ಲಿ ಓದಿದ ಮೇಲ್ ಲ್ಯಾಪ್‌ಟಾಪ್‌ನಲ್ಲಿ ದಪ್ಪಕ್ಷರದಲ್ಲಿ ಕಾಣದಿರುವುದು ಆ ಚೀಟಿಯಿಂದ. ಇದೇ ತುಡಿತದ ಇನ್ನೊಂದು ಕವಲಿಗೆ ಬೆಂಗಳೂರಿನ ನಂಟಿದೆ. ಇಲ್ಲಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಮತ್ತು ಜತೆಗಾರ ಜ್ಯಾಕ್ ಸ್ಮಿತ್‌ಗೆ ಕಚೇರಿಯ ಕಂಪ್ಯೂಟರಿನಿಂದ ತಮ್ಮ ಸ್ವಂತ ಮೇಲ್ ನೋಡಲಾಗುತ್ತಿರಲಿಲ್ಲ. ಬ್ರೌಸರ್ ಇರುವ ಯಾವ ಯಂತ್ರದಿಂದಲೂ ತೆರೆಯಬಲ್ಲ ಹಾಟ್‌ಮೇಲ್ 1996ರ ಜುಲೈ 4ರಂದು ಬಂದದ್ದು ಆ ತೊಡಕಿನಿಂದಲೇ.

ಹಾಗಾಗಿ ಮೇಲ್ ಮಾಯವಾಗುತ್ತಿದ್ದರೆ ನೋಡಬೇಕಾದದ್ದು ಎಲ್ಲಕ್ಕಿಂತ ಹಳೆಯ ಯಂತ್ರವನ್ನು. ಅಲ್ಲಿನ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಖಾತೆಯ ಬಗೆ ‘ಪಾಪ್’ ಎಂದಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ‘ಪ್ರತಿಯನ್ನು ಸರ್ವರ್‌ನಲ್ಲಿ ಬಿಡು’ ಎಂಬ ಆಯ್ಕೆಗೆ ಗುರುತು ಹಾಕಿ. ಅದರ ಕೆಳಗೆ ‘ಇಷ್ಟು ದಿನಗಳ ನಂತರ ಅಳಿಸು’ ಎಂದಿದ್ದರೆ ಆ ಗುರುತು ತೆಗೆಯಿರಿ. ಇನ್ನೂ ಒಳ್ಳೆಯದು, ಅದೇ ಖಾತೆಯನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸುವುದು. ಆದರೆ ಹಳೆಯ ಪಾಪ್ ಖಾತೆಯನ್ನು ಅವಸರದಲ್ಲಿ ಕಿತ್ತುಹಾಕಬೇಡಿ. ಹಿಂದಿನ ವರ್ಷಗಳ ಮೇಲ್ ಪ್ರಪಂಚದಲ್ಲಿ ಉಳಿದಿರುವುದು ಬಹುಶಃ ಆ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಮಾತ್ರ. ಮೊದಲು ಅದನ್ನು ಹೊಸ ಖಾತೆಯ ಫೋಲ್ಡರ್‌ಗಳಿಗೆ ಎಳೆದು ಹಾಕಿ, ಸರ್ವರ್ ಸೇರಿದೆಯೇ ಎಂದು ಬ್ರೌಸರ್‌ನಲ್ಲಿ ನೋಡಿ, ಆಮೇಲೆ ಮುಂದುವರಿಯಿರಿ. ಫೋನ್‌ನಿಂದ ಕಳಿಸಿದ ಮೇಲ್ ಅಂಗಡಿ ಕಂಪ್ಯೂಟರಿನ ‘ಸೆಂಟ್’ ಪಟ್ಟಿಯಲ್ಲಿ ಕಾಣದಿರುವುದಕ್ಕೂ ಪಾಪ್ ಕಾರಣ. ಅದಕ್ಕೆ ಇನ್‌ಬಾಕ್ಸ್ ಬಿಟ್ಟು ಬೇರೇನೂ ಗೊತ್ತಿಲ್ಲ.

ಒಂದೇ ಹಾರ್ಡ್‌ಡಿಸ್ಕ್‌ನಲ್ಲಿ ಎಲ್ಲವೂ ಇರುವುದು ಏನೆಂದು ಕುರುಬರಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 2017ರ ಅಕ್ಟೋಬರ್ 13ರ ರಾತ್ರಿಯ ಮಳೆಗೆ ರಾಜಕಾಲುವೆ ಉಕ್ಕಿ ಇಲ್ಲಿ ಮನುಷ್ಯರೇ ಕೊಚ್ಚಿಹೋದರು. ಆ ನೋವಿನ ಪಕ್ಕದಲ್ಲಿ ಕಂಪ್ಯೂಟರಿನ ಲೆಕ್ಕ ಹೇಳುವುದು ಸಲ್ಲದು. ಆದರೆ ನೀರು ನುಗ್ಗುವ ತಗ್ಗಿನಲ್ಲಿ, ನೆಲದ ಮೇಲಿಟ್ಟ ಸಿಪಿಯುವಿನಲ್ಲಿ, ವ್ಯವಹಾರದ ಒಂದೇ ಒಂದು ಪ್ರತಿ ಇರುವುದು ಬೇಡ.

‘ಸಿಂಕ್ ಆನ್ ಇದೆ, ಬ್ಯಾಕಪ್ ಇದ್ದ ಹಾಗೇ’

ಇಲ್ಲ. ನಾಲ್ಕು ಯಂತ್ರಗಳಲ್ಲಿ ಕಾಣುತ್ತದೆ ಎಂದ ಮಾತ್ರಕ್ಕೆ ನಾಲ್ಕು ಪ್ರತಿಗಳಿವೆ ಎಂದಲ್ಲ. ಸಿಂಕ್‌ನ ಕೆಲಸ ಎಲ್ಲ ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ತಪ್ಪಾಗಿ ಅಳಿಸಿದರೆ ಆ ತಪ್ಪನ್ನೂ ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೆ ಒಯ್ಯುತ್ತದೆ. ಬ್ಯಾಕಪ್ ಎಂದರೆ ಈ ಸರಪಳಿಯಿಂದ ಹೊರಗಿರುವ ಪ್ರತಿ. ಜಿಮೇಲ್ ಬಳಸುವವರು ಗೂಗಲ್ ಟೇಕ್‌ಔಟ್ ಮೂಲಕ ಇಡೀ ಪೆಟ್ಟಿಗೆಯನ್ನು ಕಡತವಾಗಿ ಇಳಿಸಿಕೊಂಡು ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್‌ನಲ್ಲಿ ಇಡಬಹುದು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು, ಅಂದರೆ ಆರು ವರ್ಷ, ಉಳಿಸಬೇಕೆಂದು ಕಾನೂನೇ ಹೇಳುತ್ತದೆ. ಬಿಲ್‌ಗಳೆಲ್ಲ ಮೇಲ್‌ನಲ್ಲೇ ಇರುವವರು ವರ್ಷಕ್ಕೊಮ್ಮೆಯಾದರೂ ಈ ಕೆಲಸ ಮಾಡಲಿ.

ಇದರ ತಮ್ಮನಂಥ ಇನ್ನೊಂದು ನಂಬಿಕೆ: ಸಿಂಕ್ ಆನ್ ಇದ್ದರೆ ಎಲ್ಲ ಮೇಲ್‌ಗಳೂ ಫೋನ್‌ನಲ್ಲಿವೆ. ಆಂಡ್ರಾಯ್ಡ್‌ನ ಜಿಮೇಲ್ ಆ್ಯಪ್ ತಾನಾಗಿ ಇಟ್ಟುಕೊಳ್ಳುವುದು ಹಿಂದಿನ 30 ದಿನಗಳದ್ದನ್ನು. ಅದಕ್ಕಿಂತ ಹಳೆಯದನ್ನು ತೆರೆಯಲು ಆ ಕ್ಷಣ ನೆಟ್‌ವರ್ಕ್ ಬೇಕು. ಬ್ಯಾಂಕಿನ ಒಳಕೋಣೆಯಲ್ಲೋ ಸರ್ಕಾರಿ ಕಚೇರಿಯ ನೆಲಮಾಳಿಗೆಯಲ್ಲೋ ನಿಂತು ‘ಮೇಲ್‌ನಲ್ಲಿದೆ ಸಾರ್, ಓಪನ್ ಆಗ್ತಿಲ್ಲ’ ಎನ್ನಬೇಕಾಗುವುದು ಇದರಿಂದ. ಬೇಕಾದ ಪಿಡಿಎಫ್ ಅನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ.

‘ಮೇಲ್ ಲೇಟಾಗಿ ಬಂತು, ಸರ್ವರ್ ಸ್ಲೋ’

ಸರ್ವರ್ ಸಾಮಾನ್ಯವಾಗಿ ನಿಧಾನವಲ್ಲ, ಫೋನ್ ಕೇಳಿರುವುದಿಲ್ಲ. ಹೊಸ ಮೇಲ್ ಬಂದ ಕೂಡಲೇ ಸರ್ವರ್ ತಾನೇ ತಿಳಿಸುವುದು ಒಂದು ಬಗೆ. ಐಮ್ಯಾಪ್‌ಗೆ ಆ ಸೌಲಭ್ಯ 1997ರಲ್ಲೇ ಸೇರಿತು. ಫೋನ್ ಆಗಾಗ ಹೋಗಿ ‘ಏನಾದರೂ ಬಂದಿದೆಯೇ’ ಎಂದು ಕೇಳುವುದು ಇನ್ನೊಂದು ಬಗೆ. ಐಫೋನ್‌ನ ಸ್ವಂತ ಮೇಲ್ ಆ್ಯಪ್‌ಗೆ ಜಿಮೇಲ್ ಸೇರಿಸಿದರೆ ನಡೆಯುವುದು ಎರಡನೆಯದು: 15 ನಿಮಿಷಕ್ಕೋ, 30 ನಿಮಿಷಕ್ಕೋ, ಗಂಟೆಗೋ ಒಮ್ಮೆ. ಆದಾಯ ತೆರಿಗೆ ಜಾಲತಾಣದ ಓಟಿಪಿಯ ಆಯುಸ್ಸು 15 ನಿಮಿಷ. ಅರ್ಧ ಗಂಟೆಗೊಮ್ಮೆ ಕೇಳುವ ಫೋನ್‌ಗೆ ಅದು ಸತ್ತ ಮೇಲೆಯೇ ತಲುಪೀತು. ಅಂಥವರು ಜಿಮೇಲ್‌ನದ್ದೇ ಆ್ಯಪ್ ಹಾಕಿಕೊಳ್ಳುವುದು ಲೇಸು. ಆಂಡ್ರಾಯ್ಡ್‌ನಲ್ಲಾದರೆ ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯಲ್ಲಿ ಆ್ಯಪ್‌ಗಳನ್ನು ಮಲಗಿಸುತ್ತದೆ. ಮೇಲ್ ಆ್ಯಪ್‌ಗೆ ಅದರಿಂದ ವಿನಾಯಿತಿ ಕೊಡಿ.

ಫೋನ್‌ನದ್ದೇ ಇನ್ನೊಂದು ತಪ್ಪು ಕಲ್ಪನೆಯಿದೆ. ಫೋನ್ ಮಾರುವಾಗ ಖಾತೆ ತೆಗೆದರೆ ಮೇಲ್ ಎಲ್ಲ ಹೋಗುತ್ತದೆಂದು ಹೆದರಿ ಹಾಗೆಯೇ ಕೊಟ್ಟುಬಿಡುವವರಿದ್ದಾರೆ. ಆ ಹೆದರಿಕೆಗೆ ಆಧಾರವಿಲ್ಲ. ಫೋನ್‌ನಿಂದ ಖಾತೆ ತೆಗೆಯುವುದು ಬೇರೆ, ಗೂಗಲ್ ಖಾತೆಯನ್ನೇ ಮುಚ್ಚುವುದು ಬೇರೆ. ಮೊದಲನೆಯದರಲ್ಲಿ ಹೋಗುವುದು ನಕಲು ಮಾತ್ರ.

‘ಸ್ಟೋರೇಜ್ ಫುಲ್ ಅಂತಿದೆ, ಮೇಲ್ ಅಳಿಸಬೇಕು’

ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಿಮೇಲ್‌ಗೆ ಮಾತ್ರ ಮೀಸಲಲ್ಲ. ಡ್ರೈವ್ ಮತ್ತು ಫೋಟೋಸ್ ಅದರಲ್ಲೇ ಪಾಲು ಪಡೆಯುತ್ತವೆ. 2021ರ ಜೂನ್ 1ರ ನಂತರ ಏರಿಸಿದ ಫೋಟೋಗಳೆಲ್ಲ ಈ ಲೆಕ್ಕಕ್ಕೆ ಬಂದವು. 2024ರಿಂದ ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದೇ ಜಾಗ ತಿನ್ನುತ್ತಿದೆ. ಮದುವೆ ಗುಂಪಿನ ವಿಡಿಯೋಗಳೂ ಬೆಳಗಿನ ಶುಭಾಶಯದ ಚಿತ್ರಗಳೂ ಸೇರಿ ಪೆಟ್ಟಿಗೆ ತುಂಬಿದರೆ, ಏಟು ಬೀಳುವುದು ಮೇಲ್‌ಗೆ. ಹೊಸ ಮೇಲ್ ಬರುವುದೇ ನಿಂತು, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ನಾಲ್ಕು ಯಂತ್ರಗಳಲ್ಲಿ ಎಲ್ಲೂ ಬರುವುದಿಲ್ಲ. ಆಗ ಅಕ್ಷರಗಳಷ್ಟೇ ಇರುವ ಸಾವಿರ ಮೇಲ್ ಅಳಿಸಿದರೂ ಗಿಟ್ಟುವುದು ಅಲ್ಪ. ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್‌ನಿಂದ ವಿಡಿಯೋ ಕೈಬಿಡಿ, ಆಮೇಲೆ ಫೋಟೋಸ್‌ನ ದೊಡ್ಡ ವಿಡಿಯೋಗಳನ್ನು ನೋಡಿ.

ಇನ್ನು ಆಡಿಟರ್ ವಿಷಯ. ಅವರಿಗೆ ಪಾಸ್‌ವರ್ಡ್ ಕೊಡದಿದ್ದರೆ ಕೆಲಸ ನಡೆಯದು ಎಂಬುದು ಈ ಬೀದಿಗಳಲ್ಲಿ ಬೇರೂರಿದ ನಂಬಿಕೆ. ಪಾಸ್‌ವರ್ಡ್ ಕೊಟ್ಟರೆ ಅವರ ಕಚೇರಿಯ ಯಾವ ಹುಡುಗ ಏನು ಒತ್ತಿದರೂ ಅದು ನಿಮ್ಮ ಪೆಟ್ಟಿಗೆಯಲ್ಲೇ ಆಗುತ್ತದೆ. ಅದರ ಬದಲು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್‌ನಲ್ಲಿ ಒಂದು ಫಿಲ್ಟರ್ ಮಾಡಿ: ಜಿಎಸ್‌ಟಿ ಮತ್ತು ಆದಾಯ ತೆರಿಗೆ ವಿಳಾಸಗಳಿಂದ ಬಂದದ್ದೆಲ್ಲ ತಾನಾಗಿ ಆಡಿಟರ್ ವಿಳಾಸಕ್ಕೆ ಹೋಗಲಿ. ಅವರ ವಿಳಾಸಕ್ಕೆ ಒಂದು ದೃಢೀಕರಣ ಸಂಖ್ಯೆ ಹೋಗುತ್ತದೆ, ಅದನ್ನು ಕೇಳಿ ತುಂಬಿದರೆ ಆಯಿತು. ಹೀಗೆ ಹೋದದ್ದು ಅವರ ಪೆಟ್ಟಿಗೆಯ ಸ್ವತಂತ್ರ ಪ್ರತಿ. ಅವರು ಅಳಿಸಿದರೆ ನಿಮ್ಮದು ಉಳಿಯುತ್ತದೆ, ನೀವು ಅಳಿಸಿದರೆ ಅವರದ್ದು ಉಳಿಯುತ್ತದೆ.