ಗುಹೆ ಕಾಯುವ ಹಳದಿ ತಾಯಿ

ಈ ಪುಟ್ಟ ಹಳದಿ ಮೀನನ್ನು ನೋಡಿ. ಉದ್ದ ಐದೇ ಸೆಂಟಿಮೀಟರ್. ಆದರೂ ತನಗಿಂತ ದೊಡ್ಡ ಗಂಡನ್ನೇ ಅಟ್ಟಿಸಿಕೊಂಡು ಹೋಗುತ್ತಿದೆ! ಯಾಕೆ ಗೊತ್ತಾ? ಗುಹೆಯೊಳಗೆ ಮೊಟ್ಟೆಗಳಿವೆ.

ಇದು ಕಾಕಟೂ ಡ್ವಾರ್ಫ್ ಸಿಕ್ಲಿಡ್. ತವರು, ಪೆರು ಕಡೆಯ ಅಮೆಜಾನ್ ತೊರೆಗಳು. ಅಲ್ಲಿ ನೀರಿನ ತಳದ ತರಗೆಲೆ ರಾಶಿಯೇ ಇದರ ಮನೆ.

ಹಾಗಾಗಿ ಮನೆಯಲ್ಲಿ ಸಾಕುವುದಾದರೆ ತೊಟ್ಟಿಗೆ ಚೂಪು ಕಲ್ಲು ಬೇಡ, ನುಣುಪು ಮರಳು ಹಾಕಿ. ಮೀನು ಬಾಯಿ ತುಂಬ ಮರಳು ತುಂಬಿಕೊಂಡು, ತಿನ್ನುವುದನ್ನಷ್ಟೇ ಉಳಿಸಿಕೊಂಡು, ಮಿಕ್ಕಿದ್ದನ್ನು ಕಿವಿರಿನಿಂದ ಉದುರಿಸುತ್ತದೆ. ನೋಡುತ್ತ ಕೂತರೆ ಕಣ್ಣು ಕೀಳಲಾಗದು. ಕಾಡುಬಾದಾಮಿಯ ಒಣಗಿದ ಎಲೆ ತೊಳೆದು ಹಾಕಿ. ನೀರು ತಿಳಿ ಚಹಾ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಇವಕ್ಕೆ ಅದೇ ಹಿತ. ಅರ್ಧ ತೆಂಗಿನ ಚಿಪ್ಪನ್ನು ಬೋರಲು ಹಾಕಿ, ಅಂಚಿನಲ್ಲಿ ಚಿಕ್ಕ ಬಾಗಿಲು ಬಿಡಿ. ಹೆಣ್ಣು ಅದರ ಒಳಚಾವಣಿಗೆ ಮೊಟ್ಟೆ ಅಂಟಿಸುತ್ತದೆ.

ನೀರು 24ರಿಂದ 27 ಡಿಗ್ರಿ. ಒಂದು ಜೋಡಿಗೆ 60 ಲೀಟರ್ ತೊಟ್ಟಿ. ಅದರಲ್ಲಿ ಎರಡು ಗಂಡು ಬೇಡವೇ ಬೇಡ.

ಮರಿಗಳು ಈಜತೊಡಗಿದ ಮೇಲೆ ತಾಯಿಯನ್ನೇ ಗಮನಿಸಿ. ಅಪಾಯ ಕಂಡರೆ ಮೈ ಅಲುಗಿಸಿ ಸನ್ನೆ ಮಾಡುತ್ತದೆ, ಮರಿಗಳೆಲ್ಲ ಥಟ್ಟನೆ ಮರಳಿಗೆ ಅಂಟಿಕೊಳ್ಳುತ್ತವೆ. ಆಗ ಗಂಡಿಗೆ ಅಡಗಲು ಜಾಗ ಸಾಲದಿದ್ದರೆ ಬೇರೆ ತೊಟ್ಟಿಗೆ ಬಿಡಿ.

ಒಂದೇ ಕೋರಿಕೆ: ಹೊಸ ತೊಟ್ಟಿಗೆ ಇವನ್ನು ತಂದು ಬಿಡಬೇಡಿ. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನಿಂತ ಮೇಲಷ್ಟೇ ಮೀನಿನ ಅಂಗಡಿಗೆ ಹೋಗಿ.